ಕರೆಂಟ್ ಕೊಡುವ ಮೊದಲು: ಶಿರಾ ಕಡೆಯ ಅಕ್ಕನೊಬ್ಬರ ಜೋತುಬಿದ್ದ ಪಾದ

ಆಕೆ ಬಾಗಿಲಿಗೆ ಬರುವ ಮೊದಲೇ ನಡಿಗೆಯ ಸದ್ದು ಕೇಳಿಸಿತ್ತು. ಒಂದು ಹೆಜ್ಜೆ ಸುಮ್ಮನೆ, ಮುಂದಿನದು ಟಪ್. ಮತ್ತೆ ಸುಮ್ಮನೆ, ಮತ್ತೆ ಟಪ್. ಪಾದದ ಮುಂಭಾಗ ಎತ್ತಿ ಹಿಡಿಯುವ ಶಕ್ತಿ ಹೋದಾಗ ಹಿಮ್ಮಡಿ ನೆಲ ಮುಟ್ಟಿದ ಕೂಡಲೇ ಇಡೀ ಪಾದ ನೆಲಕ್ಕೆ ಬಡಿಯುತ್ತದೆ. ನಾವು ಇದಕ್ಕೆ ಫುಟ್ ಡ್ರಾಪ್ ಅನ್ನುತ್ತೇವೆ. ಈ ಸದ್ದನ್ನು ಕೇಳಿ ಪಳಗಿದವರಿಗೆ ಏನಾಗಿದೆ ಎನ್ನುವುದು ಕಣ್ಣು ಮುಚ್ಚಿಕೊಂಡೇ ಗೊತ್ತಾಗುತ್ತದೆ. ಎಲ್ಲಿ ಕೆಟ್ಟಿದೆ, ಎಷ್ಟು ಕೆಟ್ಟಿದೆ ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಅದನ್ನು ಹುಡುಕದೆ ಸ್ನಾಯುವಿಗೆ ಮೆಷಿನ್ನಿನಿಂದ ಕರೆಂಟ್ ಕೊಟ್ಟರೆ ಏನಾಗುತ್ತದೆ, ಹುಡುಕಿ ಕೊಟ್ಟರೆ ಏನಾಗುತ್ತದೆ ಎನ್ನುವುದನ್ನು ಈ ಒಂದೇ ಕಾಲಿನ ಕಥೆಯಲ್ಲಿ ಹೇಳಬಹುದು ಅನ್ನಿಸಿತು. ಆಕೆಯನ್ನು ಕೇಳಿ, ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಮತ್ತು ಊರು ಬಿಟ್ಟಿದ್ದೇನೆ.

ವಯಸ್ಸು 42. ಶಿರಾ ತಾಲ್ಲೂಕಿನ ಹಳ್ಳಿ. ಸ್ವಂತ ಹೊಲ ಸ್ವಲ್ಪ ಇದೆ, ಸುಗ್ಗಿಯಲ್ಲಿ ಬೇರೆಯವರ ಹೊಲಕ್ಕೂ ಕೂಲಿಗೆ ಹೋಗುತ್ತಾರೆ. ನಾನು ತುಮಕೂರಿನಲ್ಲಿ ಫಿಸಿಯೋಥೆರಪಿಸ್ಟ್. ಆಕೆ ಮೊದಲ ಸಲ ಬಂದದ್ದು 2023ರ ನವೆಂಬರ್ ಕೊನೆಯಲ್ಲಿ, ಕಾಲು ಕೆಟ್ಟು 24 ದಿನ ಆಗಿತ್ತು.

ಆ ವರ್ಷ ಮಳೆ ಕೈಕೊಟ್ಟಿತ್ತು, ನೆನಪಿರಬೇಕು. ಕಡಲೆಕಾಯಿ ಗಿಡದಲ್ಲಿ ಕಾಯಿ ಕಮ್ಮಿ. ಆದರೆ ಕಾಯಿ ಬಿಡಿಸುವ ಕೂಲಿ ಲೆಕ್ಕ ಇದ್ದದ್ದು ಡಬ್ಬಕ್ಕೆ ಇಷ್ಟು ಅಂತ. ಒಳ್ಳೆ ವರ್ಷದಲ್ಲಿ ಒಂದು ಡಬ್ಬ ಬೇಗ ತುಂಬುತ್ತದೆ. ಕಾಯಿ ಇಲ್ಲದ ವರ್ಷದಲ್ಲಿ ಅದೇ ಡಬ್ಬಕ್ಕೆ ಎಷ್ಟೋ ಗಿಡ ಜಾಲಾಡಬೇಕು, ಅಂದರೆ ಅಷ್ಟು ಹೊತ್ತು ಜಾಸ್ತಿ ಕೂರಬೇಕು. ಕೂರುವುದು ಹೇಗೆ? ಕುಕ್ಕರಗಾಲಲ್ಲಿ. ದೀಪಾವಳಿಗೆ ಒಂದು ವಾರ ಇರುವಾಗ ಐದು ದಿನ ಸತತವಾಗಿ, ಬೆಳಿಗ್ಗೆ ಎಂಟಕ್ಕೆ ಕೂತರೆ ಊಟಕ್ಕೆ ಬಿಟ್ಟು ಮತ್ತೆ ಯಾವುದಕ್ಕೂ ಏಳದೆ ಕೂತಿದ್ದಾರೆ. ಐದನೇ ದಿನ ಸಂಜೆ ಎದ್ದಾಗ ಬಲಗಾಲು ಜೋಮು ಹಿಡಿದಿತ್ತು. ಕೂತು ಎದ್ದರೆ ಜೋಮು ಹಿಡಿಯುವುದು ಹೊಸದಲ್ಲವಲ್ಲ, ಕಾಲು ಒದರಿ ಮನೆಗೆ ಹೋದರು. ಬೆಳಿಗ್ಗೆ ಎದ್ದರೆ ಪಾದ ಮೇಲೆ ಬರುತ್ತಿಲ್ಲ. ಹೊಸ್ತಿಲಿಗೆ ಹೆಬ್ಬೆರಳು ತಾಗಿ ಉಗುರು ಕಿತ್ತಿತು. ಚಪ್ಪಲಿ ನಾಲ್ಕು ಹೆಜ್ಜೆಗೆ ಒಂದು ಸಲ ಕಾಲಿಂದ ಬಿದ್ದುಹೋಗುತ್ತಿತ್ತು.

ಊರಲ್ಲಿ ಎಲ್ಲರೂ ಹೇಳಿದ್ದು ಲಕ್ವ ಅಂತ. ಅತ್ತೆ ಎಣ್ಣೆ ತರಿಸಿ ತಿಕ್ಕಿಸಿದರು. ಹತ್ತು ದಿನ ಅದರಲ್ಲಿ ಹೋಯಿತು. ಆಮೇಲೆ ಯಾರೋ ಹೇಳಿದರೆಂದು ಒಂದು ಕಡೆ ಕರೆಂಟ್ ಹಿಡಿಸಿಕೊಂಡರು, ಹನ್ನೆರಡು ದಿನ, ದಿನಾ ಇಪ್ಪತ್ತು ನಿಮಿಷ. ಜುಮ್ ಜುಮ್ ಅನ್ನುತ್ತಿತ್ತು, ಅಷ್ಟೇ. ಪ್ಯಾಡ್ ಎಲ್ಲಿ ಅಂಟಿಸಿದ್ದರು ಎಂದು ಕೇಳಿದೆ. ಆಕೆ ಕಾಲು ತಿರುಗಿಸಿ ಮೀನಖಂಡ ತೋರಿಸಿದರು. ಪಾದ ಎತ್ತುವ ಸ್ನಾಯು ಇರುವುದು ಕಾಲಿನ ಮುಂದೆ, ಮೊಣಕಾಲ ಕೆಳಗೆ, ಮೂಳೆಯ ಹೊರ ಮಗ್ಗುಲಿಗೆ. ಮೀನಖಂಡ ಮಾಡುವುದು ಅದಕ್ಕೆ ತದ್ವಿರುದ್ಧ ಕೆಲಸ, ಪಾದವನ್ನು ಕೆಳಗೆ ಒತ್ತುವುದು. ಇಷ್ಟು ದಿನ ಸರಿಯಾಗಿಯೇ ಇದ್ದ ಸ್ನಾಯುವಿಗೆ ಕರೆಂಟ್ ಹೋಗಿತ್ತು. ನನಗೆ ನಿಜಕ್ಕೂ ಬೇಜಾರಾಯಿತು. ದುಡ್ಡಿನ ವಿಷಯಕ್ಕಿಂತ, ಕರೆಂಟ್ ಕೊಟ್ಟರೂ ಆಗಲಿಲ್ಲ ಅಂದಮೇಲೆ ಇನ್ನು ಆಗುವುದೇ ಇಲ್ಲ ಎನ್ನುವ ತೀರ್ಮಾನ ಆಕೆಯ ಮುಖದಲ್ಲಿ ಕೂತುಬಿಟ್ಟಿತ್ತು.

ಲಕ್ವ ಅಲ್ಲ ಎನ್ನುವುದು ಐದು ನಿಮಿಷದಲ್ಲಿ ಗೊತ್ತಾಯಿತು. ಮುಖ, ಮಾತು, ಕೈ ಎಲ್ಲ ಸರಿ ಇತ್ತು. ಮೊಣಕಾಲ ಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಎರಡೂ ಕಾಲು ಒಂದೇ ಥರ ಜಿಗಿದವು. ಅಂಗಾಲು ಗೀರಿದರೆ ಬೆರಳು ಕೆಳಗೇ ಮಡಚಿದವು. ಕಾಲು ಬಿಗಿಯಾಗಿರಲಿಲ್ಲ, ಸಡಿಲವಾಗಿ ಜೋತಿತ್ತು. ಮಿದುಳಿನ ತೊಂದರೆ ಆಗಿದ್ದರೆ ಹೀಗಿರುವುದಿಲ್ಲ.

ಹಾಗಾದರೆ ಸೊಂಟದಲ್ಲೋ, ಮೊಣಕಾಲಲ್ಲೋ? ಇದೇ ಮುಖ್ಯವಾದ ಪ್ರಶ್ನೆ. ಸೊಂಟದ ಐದನೇ ನರದ ಬೇರು ಡಿಸ್ಕ್‌ನಿಂದ ಒತ್ತಿದರೂ ಪಾದ ಜೋಲುತ್ತದೆ, ನೋಡುವುದಕ್ಕೆ ಎರಡೂ ಒಂದೇ. ವ್ಯತ್ಯಾಸ ಸಿಗುವುದು ಬೇರೆ ಸ್ನಾಯುಗಳಲ್ಲಿ. ಪಾದವನ್ನು ಒಳಗೆ ತಿರುಗಿಸಿ ಎಂದೆ, ಪೂರ್ತಿ ಶಕ್ತಿ. ಮಗ್ಗುಲಾಗಿ ಮಲಗಿ ಇಡೀ ಕಾಲು ಮೇಲೆತ್ತಿ ಎಂದೆ, ಪೂರ್ತಿ ಶಕ್ತಿ. ಆ ಎರಡು ಕೆಲಸಕ್ಕೂ ಸೊಂಟದ ಐದನೇ ಬೇರು ಬೇಕು, ಆದರೆ ಮೊಣಕಾಲ ಹೊರಮಗ್ಗುಲಿನ ನರ ಬೇಡ. ಅವು ಚೆನ್ನಾಗಿವೆ ಅಂದರೆ ಸೊಂಟ ಚೆನ್ನಾಗಿದೆ. ಕೆಟ್ಟದ್ದು ಕೆಳಗೆ, ಕಾಮನ್ ಪೆರೋನಿಯಲ್ ನರದಲ್ಲಿ.

ಈ ನರವನ್ನು ನೀವೇ ಮುಟ್ಟಿ ನೋಡಬಹುದು. ಮೊಣಕಾಲ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಒಂದು ಗಟ್ಟಿ ಮೂಳೆಯ ಗುಬಟು ಸಿಗುತ್ತದೆ. ಅದು ಫಿಬುಲಾ ಮೂಳೆಯ ತಲೆ. ಅದರ ಕೆಳಗೆ ಕುತ್ತಿಗೆಯಂಥ ಜಾಗದಲ್ಲಿ ನರ ಮೂಳೆಯನ್ನು ಸುತ್ತಿಕೊಂಡು ಮುಂದೆ ಬರುತ್ತದೆ. ಮೇಲೆ ಚರ್ಮ ಮತ್ತು ಚೂರು ಕೊಬ್ಬು ಬಿಟ್ಟರೆ ಬೇರೆ ರಕ್ಷಣೆ ಇಲ್ಲ. ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕೂತರೆ ಅಲ್ಲಿ ನರ ಎಳೆಯುತ್ತದೆ, ಒತ್ತುತ್ತದೆ. ಬಿಗಿಯಾದ ಪ್ಲಾಸ್ಟರ್, ಕಾಲ ಮೇಲೆ ಕಾಲು ಹಾಕಿ ಕೂರುವುದು, ಪ್ರಜ್ಞೆ ಇಲ್ಲದೆ ಒಂದೇ ಮಗ್ಗುಲಲ್ಲಿ ಮಲಗಿರುವುದು, ಇವೆಲ್ಲ ಅದೇ ಜಾಗಕ್ಕೆ ಪೆಟ್ಟು. ಹೊರದೇಶಗಳಲ್ಲಿ ಸ್ಟ್ರಾಬೆರಿ ಕೀಳುವವರಲ್ಲಿ ಇದೇ ಕಂಡು ಅವರ ಕೆಲಸದ ಹೆಸರನ್ನೇ ಈ ತೊಂದರೆಗೆ ಇಟ್ಟಿದ್ದಾರೆ. ನಮ್ಮಲ್ಲಿ ಕಡಲೆಕಾಯಿ, ಟೊಮೆಟೊ, ಹೂವು, ಕಳೆ, ಎಲ್ಲವೂ ಕುಕ್ಕರಗಾಲಿನ ಕೆಲಸವೇ. ಹೆಚ್ಚಾಗಿ ಹೆಂಗಸರ ಕೆಲಸ.

ಆದರೆ ಜೊತೆಯಲ್ಲಿ ಕೂತ ಉಳಿದ ಹೆಂಗಸರಿಗೆ ಆಗದ್ದು ಈಕೆಗೇ ಯಾಕೆ ಆಯಿತು? ಕೆದಕಿ ಕೇಳಿದಾಗ ಸಿಕ್ಕಿತು. ಆಗಸ್ಟ್‌ನಲ್ಲಿ ಟೈಫಾಯ್ಡ್ ಬಂದು ಎಂಟು ಕೆಜಿ ಇಳಿದಿದ್ದರು. ದೇಹ ಬೇಗ ಇಳಿದಾಗ ಆ ನರದ ಮೇಲಿನ ಕೊಬ್ಬಿನ ದಿಂಬೂ ಕರಗುತ್ತದೆ. ಜ್ವರದಿಂದ ಎದ್ದ ಕಾಲು ಮೊದಲ ಥರವೇ ಇದೆ ಎಂದುಕೊಂಡು ಹೊಲಕ್ಕೆ ಹೋಗಿದ್ದರು ಆಕೆ.

ಇನ್ನೊಂದು ವಿಷಯ ಇಲ್ಲಿ ಬಿಡಬಾರದು. ನಮ್ಮ ದೇಶದಲ್ಲಿ ಪಾದ ಜೋತು ಬಂದವರಲ್ಲಿ ಕುಷ್ಠರೋಗ ಇಲ್ಲ ಎನ್ನುವುದನ್ನು ನೋಡಿಯೇ ಮುಂದೆ ಹೋಗಬೇಕು. ಅದು ಇದೇ ನರವನ್ನು ಹಿಡಿಯುತ್ತದೆ, ನರ ಹಗ್ಗದಂತೆ ದಪ್ಪವಾಗುತ್ತದೆ. ಬೆರಳಿಟ್ಟು ನೋಡಿದೆ, ದಪ್ಪ ಇರಲಿಲ್ಲ. ಮೊಣಕೈ ಹಿಂದಿನ ನರವನ್ನೂ ನೋಡಿದೆ. ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇರಲಿಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿದರು, ನಾರ್ಮಲ್ ಬಂತು. ಫಿಬುಲಾ ತಲೆಯ ಹಿಂದೆ ಬೆರಳಿಂದ ತಟ್ಟಿದಾಗ ಮಾತ್ರ ಆಕೆ ಕಾಲು ಹಿಂದಕ್ಕೆ ಎಳೆದುಕೊಂಡರು. ಜುಮ್ ಅಂತ ಪಾದದ ಮೇಲ್ಭಾಗದ ತನಕ ಹೋಯಿತಂತೆ.

ಆವತ್ತು ನಾನು ಬರೆದುಕೊಂಡ ಶಕ್ತಿಯ ಲೆಕ್ಕ ಇದು. ಸೊನ್ನೆಯಿಂದ ಐದರ ತನಕ ಅಳೆಯುತ್ತೇವೆ, ಐದು ಅಂದರೆ ಪೂರ್ತಿ, ಸೊನ್ನೆ ಅಂದರೆ ಮಿಡಿತವೂ ಇಲ್ಲ. ಪಾದ ಮೇಲೆತ್ತುವುದು 1, ಅಂದರೆ ಸ್ನಾಯು ಮಿಡಿಯುತ್ತದೆ, ಪಾದ ಅಲುಗುವುದಿಲ್ಲ. ಪಾದ ಹೊರಕ್ಕೆ ತಿರುಗಿಸುವುದು 2. ಹೆಬ್ಬೆರಳು ಎತ್ತುವುದು 0. ಕೆಳಗೆ ಒತ್ತುವುದು 5. ಪಾದದ ಮೇಲೆ ಮತ್ತು ಹೆಬ್ಬೆರಳು ಅದರ ಪಕ್ಕದ ಬೆರಳಿನ ನಡುವೆ ಸ್ಪರ್ಶ ಮಂದ.

ಮೆಷಿನ್ ಹತ್ತಿರ ಕರೆದಾಗ ಆಕೆ ಮಂಚ ಹತ್ತಲಿಲ್ಲ. ಹೆದರಿಕೆಗೆ ಕಾರಣ ಇತ್ತು. ಯಜಮಾನರಿಗೆ ಹಿಂದೆ ಒಂದು ಸಲ ಬೋರ್‌ವೆಲ್ ಸ್ಟಾರ್ಟರ್ ಬಾಕ್ಸ್‌ನಲ್ಲಿ ಶಾಕ್ ಹೊಡೆದು ಬದುಕಿದ್ದೇ ಹೆಚ್ಚು. ಅಂಥವರಿಗೆ ‘ಏನೂ ಆಗಲ್ಲ ಬನ್ನಿ’ ಎಂದರೆ ಸಾಲದು. ಕೂರಿಸಿ ಹೇಳಿದೆ. ಪಂಪ್‌ಸೆಟ್‌ಗೆ ಬರುವುದು 400 ವೋಲ್ಟ್ ದಾಟಿದ ತ್ರೀ ಫೇಸ್, ಅದು ಬಿಡದೆ ಹರಿಯುತ್ತದೆ, ಮೈಯಲ್ಲಿ ಎಲ್ಲಿ ಬೇಕಾದರೂ ಹೋಗುತ್ತದೆ. ಈ ಮೆಷಿನ್ ಕೊಡುವುದು ಮಿಲಿ ಆಂಪಿಯರ್ ಲೆಕ್ಕದ್ದು, ಅದೂ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಚಿಕ್ಕ ಚಿಕ್ಕ ಹೊಡೆತಗಳಲ್ಲಿ, ಎರಡು ಪ್ಯಾಡ್‌ಗಳ ನಡುವೆ ಮಾತ್ರ. ಮೊದಲು ನನ್ನ ಕೈಗೆ ಹಾಕಿಕೊಂಡು ತೋರಿಸಿದೆ, ಬೆರಳುಗಳು ತಾವಾಗಿಯೇ ಮಡಚಿದವು. ಆಮೇಲೆ ಆಕೆಯ ಚೆನ್ನಾಗಿರುವ ಎಡಗಾಲಿಗೆ. ಎಡ ಪಾದ ಪಟ್ ಅಂತ ಮೇಲೆದ್ದಾಗ ಮೊದಲ ಸಲ ನಕ್ಕರು.

ಕಾಲುಂಗುರದ ಮಾತೂ ಬಂತು. ಹಿಂದಿನ ಕಡೆ ತೆಗೆಸಿದ್ದರಂತೆ, ಅದು ಆಕೆಗೆ ಕರೆಂಟಿಗಿಂತ ದೊಡ್ಡ ನೋವಾಗಿತ್ತು. ಪ್ಯಾಡ್ ಇರುವುದು ಮೊಣಕಾಲ ಕೆಳಗೆ. ಉಂಗುರ ಇರುವುದು ಬೆರಳಲ್ಲಿ, ಕರೆಂಟ್ ದಾರಿಯಲ್ಲೇ ಇಲ್ಲ. ಪ್ಯಾಡ್ ಅಡಿಯಲ್ಲಿ, ಅದರ ಹತ್ತಿರ ಲೋಹ ಇರಬಾರದು, ಅಷ್ಟೇ. ಇಟ್ಟುಕೊಳ್ಳಿ ಅಕ್ಕ ಎಂದೆ. ಕೇಳಲೇಬೇಕಾದ ಪ್ರಶ್ನೆಗಳು ಬೇರೆ ಇವೆ. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಬಸುರಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು ಉಂಟಾ, ಕ್ಯಾನ್ಸರ್, ಫಿಟ್ಸ್, ಚರ್ಮದಲ್ಲಿ ಗಾಯ. ಇವನ್ನು ಕೇಳದೆ ಸ್ವಿಚ್ ಹಾಕಬಾರದು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಜನ ಕರೆಂಟನ್ನು ಔಷಧಿ ಎಂದುಕೊಂಡಿದ್ದಾರೆ. ಅದು ಔಷಧಿ ಆಗುವ ಮೊದಲು ಪರೀಕ್ಷೆ. ಯಜಮಾನರಿಗೆ ಇದನ್ನು ವಿವರಿಸುತ್ತಿದ್ದಾಗ ಅವರೇ ಹೇಳಿಬಿಟ್ಟರು: ‘ಬೋರಿಂದ ನೀರು ಬರ್ಲಿಲ್ಲ ಅಂದ್ರೆ ಮೆಕ್ಯಾನಿಕ್ಕು ಮೊದ್ಲು ಕೇಬಲ್ ಹೋಗೈತಾ ಮೋಟ್ರು ಹೋಗೈತಾ ನೋಡ್ತಾನೆ. ಸುಮ್ನೆ ಮೋಟ್ರು ಎತ್ತಲ್ಲ.’ ಅದೇ ವಿಷಯ. ನರ ಕೇಬಲ್, ಸ್ನಾಯು ಮೋಟರ್.

ಸ್ನಾಯುವಿಗೆ ನರದ ಸಂಪರ್ಕ ಇದ್ದರೆ ನಾವು ಕೊಡುವ ಕರೆಂಟ್ ಎಬ್ಬಿಸುವುದು ನರವನ್ನು, ನರ ಸ್ನಾಯುವನ್ನು ಎಳೆಯುತ್ತದೆ. ನರಕ್ಕೆ ಚಿಕ್ಕ ಹೊಡೆತ ಸಾಕು, ಒಂದು ಮಿಲಿಸೆಕೆಂಡಿಗಿಂತ ಕಮ್ಮಿ. ನರ ಸತ್ತ ಸ್ನಾಯುವಿಗೆ ಅಷ್ಟು ಚಿಕ್ಕ ಹೊಡೆತ ತಾಗುವುದೇ ಇಲ್ಲ, ಎಷ್ಟು ಜೋರು ಮಾಡಿದರೂ ಚರ್ಮ ಉರಿಯುತ್ತದೆ ಹೊರತು ಸ್ನಾಯು ಏಳುವುದಿಲ್ಲ. ಅದಕ್ಕೆ ಉದ್ದನೆಯ ಹೊಡೆತ ಬೇಕು, 100 ಮಿಲಿಸೆಕೆಂಡಿನಷ್ಟು. ಆಗಲೂ ಅದು ಪಟ್ಟನೆ ಎಳೆಯುವುದಿಲ್ಲ, ಹುಳ ಹರಿದಂತೆ ನಿಧಾನಕ್ಕೆ ಬಿಗಿಯುತ್ತದೆ. ಒಮ್ಮೆ ಅದನ್ನು ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಹೊಡೆತದ ಉದ್ದ ಬದಲಾಯಿಸುತ್ತಾ, ಸ್ನಾಯು ಏಳಲು ಬೇಕಾಗುವ ಕಮ್ಮಿ ಕರೆಂಟ್ ಎಷ್ಟು ಎಂದು ಗ್ರಾಫ್‌ನಲ್ಲಿ ಗುರುತು ಹಾಕುತ್ತಾ ಹೋದರೆ ಒಂದು ಗೆರೆ ಸಿಗುತ್ತದೆ. ಗೆರೆ ನಯವಾಗಿ ಎಡಕ್ಕಿದ್ದರೆ ನರ ಚೆನ್ನಾಗಿದೆ. ಪೂರ್ತಿ ಬಲಕ್ಕೆ ಸರಿದು ಕಡಿದಾಗಿ ಏರಿದರೆ ನರ ಹೋಗಿದೆ. ನಡುವೆ ಒಂದು ಕಡೆ ಮುರಿದಂತೆ ಗಂಟು ಬಿದ್ದರೆ ಸ್ವಲ್ಪ ಎಳೆ ಉಳಿದಿವೆ, ಸ್ವಲ್ಪ ಹೋಗಿವೆ. ಇದು ಹೊಸ ವಿದ್ಯೆಯೇನಲ್ಲ. ಇಟಲಿಯ ಗಾಲ್ವಾನಿ ಕಪ್ಪೆಯ ಕಾಲು ಅಲುಗಿದ್ದನ್ನು 1791ರಲ್ಲಿ ಬರೆದರು. ಚರ್ಮದ ಮೇಲೆ ಕೆಲವು ಖಚಿತ ಜಾಗಗಳಲ್ಲಿ ಮುಟ್ಟಿದರೆ ಒಂದೊಂದೇ ಸ್ನಾಯುವನ್ನು ಎಬ್ಬಿಸಬಹುದು ಎಂದು ಫ್ರಾನ್ಸ್‌ನ ಡುಶೆನ್ 19ನೇ ಶತಮಾನದ ನಡುವಿನಲ್ಲೇ ತೋರಿಸಿದರು. ನಮ್ಮ ಹಳೇ ಸ್ಟಿಮ್ಯುಲೇಟರ್ ಮೆಷಿನ್ನಿನ ಎರಡು ಗುಂಡಿಗಳಿಗೆ ಇರುವ ಫ್ಯಾರಡಿಕ್, ಗಾಲ್ವಾನಿಕ್ ಎನ್ನುವ ಹೆಸರುಗಳು ವಿಜ್ಞಾನಿ ಫ್ಯಾರಡೆ ಮತ್ತು ಇದೇ ಗಾಲ್ವಾನಿಯಿಂದ ಬಂದವು. ಚಿಕ್ಕ ಹೊಡೆತ ಒಂದು ಗುಂಡಿ, ಉದ್ದ ಹೊಡೆತ ಇನ್ನೊಂದು. ಎರಡೂ ಗುಂಡಿ ಇದ್ದೂ ಒಂದನ್ನೇ ಬಳಸುವವರು ಬಹಳ ಜನ ಇದ್ದಾರೆ, ಅದು ನನಗೆ ಅರ್ಥವಾಗುವುದಿಲ್ಲ.

ಆಕೆಯ ಕಾಲಿನಲ್ಲಿ ಏನು ಸಿಕ್ಕಿತು? ಫಿಬುಲಾ ಕುತ್ತಿಗೆಯ ಕೆಳಗೆ ಪೆನ್ ಎಲೆಕ್ಟ್ರೋಡ್ ಇಟ್ಟು ಚಿಕ್ಕ ಹೊಡೆತ ಕೊಟ್ಟೆ. ಪಾದ ಹೊರಕ್ಕೆ ಚೆನ್ನಾಗಿ ತಿರುಗಿತು, ಸ್ವಲ್ಪ ಮೇಲಕ್ಕೂ ಬಂತು. ಅದೇ ಪೆನ್ನನ್ನು ಒತ್ತಿದ ಜಾಗಕ್ಕಿಂತ ಮೇಲೆ, ಮೊಣಕಾಲ ಸಂದಿಗೆ ಒಯ್ದು ಅಷ್ಟೇ ಕರೆಂಟ್ ಕೊಟ್ಟರೆ ಬಹುಮಟ್ಟಿಗೆ ಏನೂ ಇಲ್ಲ. ಅಂದರೆ ಕೆಳಗೆ ಕೇಬಲ್ ಬದುಕಿದೆ, ನಡುವೆ ಒಂದು ಕಡೆ ಸುದ್ದಿ ದಾಟುತ್ತಿಲ್ಲ. ನರದ ಮೇಲಿನ ಹೊದಿಕೆ ಮಾತ್ರ ಹಾಳಾಗಿ ಒಳಗಿನ ಎಳೆ ಉಳಿದಾಗ ಹೀಗಾಗುತ್ತದೆ, ಅದು ಕೆಲವು ವಾರದಲ್ಲಿ ತಾನೇ ಸರಿಹೋಗುತ್ತದೆ. ಪಾದ ಎತ್ತುವ ದೊಡ್ಡ ಸ್ನಾಯು ಟಿಬಿಯಾಲಿಸ್ ಆಂಟೀರಿಯರ್‌ನ ಗೆರೆಯಲ್ಲಿ ಗಂಟು ಬಿತ್ತು. ಹೆಬ್ಬೆರಳಿನ ಸ್ನಾಯು ಮಾತ್ರ ಚಿಕ್ಕ ಹೊಡೆತಕ್ಕೆ ಏನೇ ಮಾಡಿದರೂ ಏಳಲಿಲ್ಲ. 100 ಮಿಲಿಸೆಕೆಂಡಿನ ಹೊಡೆತಕ್ಕೆ ಆ ಹುಳದಂಥ ನಿಧಾನದ ಎಳೆತ ಬಂತು. ಅಲ್ಲಿಗೆ ಹೋಗುವ ಎಳೆಗಳು ಒಳಗಿಂದಲೇ ಕಡಿದಿದ್ದವು.

ಒಂದೇ ನರ, ಒಂದೇ ಪೆಟ್ಟು, ಒಂದೇ ಕಾಲು. ಆದರೆ ಮೂರು ಸ್ನಾಯುವಿಗೆ ಮೂರು ಗತಿ. ಈ ಪರೀಕ್ಷೆ ಮೊದಲ ವಾರದಲ್ಲೇ ಮಾಡಿದ್ದರೆ ಮೋಸಹೋಗುತ್ತಿದ್ದೆ, ಅದನ್ನೂ ಹೇಳಬೇಕು. ನರ ಕಡಿದ ಮೇಲೂ ಕೆಳಗಿನ ತುಂಡು ಕೆಲವು ದಿನ ಕರೆಂಟಿಗೆ ಉತ್ತರ ಕೊಡುತ್ತಲೇ ಇರುತ್ತದೆ. ಆಮೇಲೆ ನಿಧಾನಕ್ಕೆ ಸಾಯುತ್ತದೆ. ಮೂರು ವಾರ ಕಳೆದ ಮೇಲೆ ಸಿಗುವ ಉತ್ತರವನ್ನು ನಂಬಬಹುದು.

ನನ್ನ ಲೆಕ್ಕ ಸರಿಯಾ ಎಂದು ನರರೋಗ ವೈದ್ಯರ ಹತ್ತಿರ ಕಳಿಸಿ ಎನ್‌ಸಿವಿ, ಅಂದರೆ ನರದಲ್ಲಿ ಸುದ್ದಿ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿದೆವು. ಫಿಬುಲಾ ಕುತ್ತಿಗೆಯಲ್ಲಿ ತಡೆ, ಜೊತೆಗೆ ಸ್ವಲ್ಪ ಎಳೆ ನಷ್ಟ ಎಂದೇ ಬಂತು. ಆಪರೇಷನ್ ಬೇಡ, ಕಾಯೋಣ ಎಂದರು ವೈದ್ಯರು.

ಚಿಕಿತ್ಸೆಯಲ್ಲಿ ಮೊದಲ ಕೆಲಸ ಕರೆಂಟ್ ಅಲ್ಲ. ಒತ್ತಡ ತೆಗೆಯುವುದು. ಕುಕ್ಕರಗಾಲು ಬಂದ್, ಚಕ್ಕಳಮಕ್ಕಳ ಹಾಕುವುದೂ ಬಂದ್, ಮಲಗುವಾಗ ಮೊಣಕಾಲ ಹೊರಮಗ್ಗುಲು ಗಟ್ಟಿ ನೆಲಕ್ಕೆ ತಾಗಬಾರದು. ಹೇಳುವುದು ಸುಲಭ. ಹಳ್ಳಿಯ ಮನೆಯಲ್ಲಿ ಒಲೆ ನೆಲದಲ್ಲಿ, ಪಾತ್ರೆ ತೊಳೆಯುವುದು ನೆಲದಲ್ಲಿ, ಕಕ್ಕಸು ನೆಲದಲ್ಲಿ. ಇಡೀ ಬದುಕೇ ಕುಕ್ಕರಗಾಲಿನದು. ಗ್ಯಾಸ್ ಒಲೆಯನ್ನು ಕಲ್ಲಿನ ಮೇಲೆ ಇಟ್ಟರು, ಮಗಳು ಪಾತ್ರೆ ತೊಳೆದಳು, ಕಕ್ಕಸಿಗೆ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ತಂದರು. ಈ ಮೂರು ಬದಲಾವಣೆ ಮಾಡದೆ ಕರೆಂಟ್ ಕೊಟ್ಟಿದ್ದರೆ ಒಡೆದ ಪೈಪಿಗೆ ನೀರು ಬಿಟ್ಟಂತೆ ಆಗುತ್ತಿತ್ತು.

ಎರಡನೆಯದು ಸ್ಪ್ಲಿಂಟ್. ಪಾದವನ್ನು ಲಂಬವಾಗಿ ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿ, ಅದಕ್ಕೆ ಶೂ ಬೇಕು. ‘ಶೂ ಹಾಕ್ಕೊಂಡು ಹೊಲಕ್ಕೆ ಹೋದ್ರೆ ಏನಂತಾರೆ ಮೇಡಂ’ ಎಂದರು. ಒತ್ತಾಯ ಮಾಡಲಿಲ್ಲ. ಹಿಮ್ಮಡಿಗೆ ಬೆಲ್ಟ್ ಇರುವ, ವೆಲ್ಕ್ರೋ ಚಪ್ಪಲಿ ಒಂದು ಸೈಜ್ ದೊಡ್ಡದು ತಂದು ಸ್ಪ್ಲಿಂಟನ್ನು ಅದರೊಳಗೆ ಕೂರಿಸಿದೆವು. ಸೀರೆ ಅಡಿಯಲ್ಲಿ ಕಾಣುವುದಿಲ್ಲ. ಎರಡು ತಿಂಗಳು ತಪ್ಪದೆ ಹಾಕಿದರು. ಎಡವಿ ಬೀಳುವುದು ಆವತ್ತಿನಿಂದಲೇ ನಿಂತಿತು. ಮೀನಖಂಡ ಗಿಡ್ಡವಾಗದಂತೆ ದಿನಾ ಟವೆಲ್ಲನ್ನು ಪಾದಕ್ಕೆ ಹಾಕಿ ತಮ್ಮ ಕಡೆಗೆ ಎಳೆದುಕೊಳ್ಳುವುದು, ಅರ್ಧ ನಿಮಿಷ ಹಿಡಿಯುವುದು, ಹೀಗೆ ಹತ್ತು ಸಲ.

ಇನ್ನು ಕರೆಂಟ್. ಪಾದ ಎತ್ತುವ ಸ್ನಾಯುವಿಗೂ ಹೊರಕ್ಕೆ ತಿರುಗಿಸುವ ಸ್ನಾಯುವಿಗೂ ಚಿಕ್ಕ ಹೊಡೆತ, 300 ಮೈಕ್ರೋಸೆಕೆಂಡ್, ಸೆಕೆಂಡಿಗೆ 35. ಐದು ಸೆಕೆಂಡ್ ಎಳೆತ, ಹದಿನೈದು ಸೆಕೆಂಡ್ ಬಿಡುವು. ಕರೆಂಟ್ ಎಳೆಯುವಾಗ ಆಕೆಯೂ ಎಳೆಯಬೇಕು, ಇದು ನನ್ನ ಷರತ್ತು. ಪಾದ ನೋಡುತ್ತಾ, ಮನಸ್ಸಿನಲ್ಲಿ ‘ಮೇಲೆ’ ಎನ್ನುತ್ತಾ. ಟಿವಿ ನೋಡುತ್ತಾ ಮಲಗಿ ಕರೆಂಟ್ ಹಿಡಿಸಿಕೊಳ್ಳುವುದರಿಂದ ಸ್ನಾಯು ಅಲುಗಬಹುದು, ಆದರೆ ಮೇಲಿನಿಂದ ಬರಬೇಕಾದ ಆಜ್ಞೆಗೆ ಅಭ್ಯಾಸ ಸಿಗುವುದಿಲ್ಲ.

ಮೊದಲ ವಾರ ಒಂದು ತಪ್ಪು ಮಾಡಿದೆ. ಬಿಡುವು ಕಮ್ಮಿ ಇಟ್ಟು ಇಪ್ಪತ್ತು ನಿಮಿಷ ಕೊಟ್ಟೆ. ಎಂಟನೇ ನಿಮಿಷಕ್ಕೆ ಪಾದ ಅರ್ಧಕ್ಕೇ ನಿಲ್ಲುತ್ತಿತ್ತು, ನಾನು ಕರೆಂಟ್ ಏರಿಸುತ್ತಾ ಹೋದೆ. ಮಾರನೇ ದಿನ ಆಕೆ ಕಾಲು ಇನ್ನೂ ಭಾರ ಎಂದರು. ನಾವಾಗಿ ಸ್ನಾಯು ಬಳಸುವಾಗ ಎಳೆಗಳು ಸರದಿಯಲ್ಲಿ ಕೆಲಸ ಮಾಡುತ್ತವೆ, ಒಂದು ದಣಿದರೆ ಇನ್ನೊಂದು. ಕರೆಂಟ್ ಹಾಗಲ್ಲ, ಅದೇ ಎಳೆಗಳನ್ನು ಒಟ್ಟಿಗೆ ಮತ್ತೆ ಮತ್ತೆ ಎಬ್ಬಿಸುತ್ತದೆ, ಅದಕ್ಕೇ ಬೇಗ ದಣಿವು. ಇದು ನನಗೆ ಗೊತ್ತಿದ್ದ ವಿಷಯವೇ, ಆದರೂ ಫಲ ಬೇಗ ಬರಲಿ ಎನ್ನುವ ಆಸೆ. ಹತ್ತು ನಿಮಿಷಕ್ಕೆ ಇಳಿಸಿದೆ, ದಿನಕ್ಕೆ ಎರಡು ಸಲ.

ದಿನಕ್ಕೆ ಎರಡು ಸಲ ತುಮಕೂರಿಗೆ ಬರಲಾಗುತ್ತದೆಯೇ? ಶಿರಾದಿಂದಲೇ 50 ಕಿಲೋಮೀಟರ್. ಶಕ್ತಿ ಯೋಜನೆ ಆ ಜೂನ್‌ನಲ್ಲಷ್ಟೇ ಶುರುವಾಗಿತ್ತು, ಸರ್ಕಾರಿ ಬಸ್‌ನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದಿಲ್ಲದಿದ್ದರೆ ವಾರಕ್ಕೆ ಎರಡು ಸಲ ಬರುವುದೂ ಕಷ್ಟವಿತ್ತು ಎಂದು ಆಕೆಯೇ ಹೇಳಿದರು. ಉಳಿದ ದಿನಕ್ಕೆ ಬ್ಯಾಟರಿಯ ಚಿಕ್ಕ ಸ್ಟಿಮ್ಯುಲೇಟರ್ ಬಾಡಿಗೆಗೆ ಕೊಟ್ಟೆ. ಪ್ಯಾಡ್ ಇಡುವ ಜಾಗಕ್ಕೆ ಪೆನ್ನಿಂದ ಗುರುತು ಹಾಕಿದೆ, ಮಗಳ ಫೋನಿನಲ್ಲಿ ಫೋಟೋ ತೆಗೆಸಿದೆ. ಸ್ಪರ್ಶ ಮಂದವಿರುವ ಕಾಲು, ಸುಟ್ಟರೂ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಸಲ ಪ್ಯಾಡ್ ತೆಗೆದ ಮೇಲೆ ಮಗಳು ಚರ್ಮ ನೋಡಬೇಕು, ಕೆಂಪು ಬೇಗ ಹೋಗದಿದ್ದರೆ ಮಾರನೇ ದಿನ ಬೇಡ, ನನಗೆ ಫೋನ್ ಮಾಡಬೇಕು.

ಇಲ್ಲಿ ಒಂದು ಮಾತು. ಆನ್‌ಲೈನ್‌ನಲ್ಲಿ ಟೆನ್ಸ್ ಮೆಷಿನ್ ಅಂತ ಸಿಗುತ್ತದಲ್ಲ, ಅದನ್ನು ತರಿಸಿಕೊಂಡು ನರ ಹೋದ ಸ್ನಾಯುವಿಗೆ ಹಾಕಿಕೊಳ್ಳುವವರನ್ನು ನೋಡುತ್ತಿರುತ್ತೇನೆ. ಅದನ್ನು ಮಾಡಿರುವುದು ನೋವು ತಗ್ಗಿಸಲು. ಅದರ ಹೊಡೆತ ತೀರಾ ಚಿಕ್ಕದು, ಕೊಂಡಿ ಕಳಚಿದ ಸ್ನಾಯುವನ್ನು ಅದು ಎಬ್ಬಿಸಲಾರದು. ಜುಮ್ ಅನ್ನುವುದು ಚರ್ಮದ ನರಗಳಿಗೆ.

ಹೆಬ್ಬೆರಳಿನ ಸ್ನಾಯುವಿಗೆ ಕ್ಲಿನಿಕ್‌ನಲ್ಲಿ ಮಾತ್ರ ಉದ್ದ ಹೊಡೆತ ಕೊಟ್ಟೆ. ಹೊಡೆತವನ್ನು ದಿಢೀರ್ ಏರಿಸದೆ ಇಳಿಜಾರಿನಂತೆ ನಿಧಾನಕ್ಕೆ ಏರಿಸಿದರೆ ಚೆನ್ನಾಗಿರುವ ನರ ಅದಕ್ಕೆ ಹೊಂದಿಕೊಂಡು ಸುಮ್ಮನಿರುತ್ತದೆ, ನರ ಕಳೆದುಕೊಂಡ ಸ್ನಾಯು ಮಾತ್ರ ಏಳುತ್ತದೆ. ಹಾಗಾಗಿ ಪಕ್ಕದ ಸ್ನಾಯುಗಳು ಅಡ್ಡ ಬರಲಿಲ್ಲ. ಆರು ವಾರ ಹೀಗೆ ಮಾಡಿ ನಿಲ್ಲಿಸಿಬಿಟ್ಟೆ. ಕಾರಣ ಹೇಳುತ್ತೇನೆ. ನರ ಹೋದ ಸ್ನಾಯುವನ್ನು ಕರೆಂಟಿನಿಂದ ಉಳಿಸಲು ಆಗುವುದೇ ಇಲ್ಲ ಎಂದಲ್ಲ. ವಿಯೆನ್ನಾದಲ್ಲಿ ಹೆಲ್ಮುಟ್ ಕರ್ನ್ ಮತ್ತು ಅವರ ತಂಡ ಬೆನ್ನುಹುರಿಯ ಕೆಳತುದಿ ಜಖಂ ಆದವರ ತೊಡೆಗೆ ಮನೆಯಲ್ಲೇ, ವಾರಕ್ಕೆ 5 ದಿನ, ಎರಡು ವರ್ಷ ಕೊಟ್ಟು ಸ್ನಾಯು ಬೆಳೆಸಿ ತೋರಿಸಿದ್ದಾರೆ. ಅದು ಆ ಪ್ರಮಾಣದ ಕೆಲಸ. ವಾರಕ್ಕೆ ಎರಡು ಸಲ, ಹದಿನೈದು ನಿಮಿಷ ಕೊಟ್ಟದ್ದರಿಂದ ಸ್ನಾಯು ಉಳಿಯುತ್ತದೆ ಎಂದು ನಾನು ನಂಬುವುದಿಲ್ಲ. ನರ ಬೇಗ ಬೆಳೆಯುತ್ತದೆ ಎನ್ನುವುದಕ್ಕಂತೂ ಈ ಥರದ ಚಿಕಿತ್ಸೆಯಲ್ಲಿ ಗಟ್ಟಿ ಆಧಾರ ಇಲ್ಲ. ನಂಬದ್ದಕ್ಕೆ ದುಡ್ಡು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಅದರ ಬದಲು ಒಂದು ಲೆಕ್ಕ ಹೇಳಿದೆ. ಕಡಿದ ನರದ ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಪೆಟ್ಟು ಬಿದ್ದ ಜಾಗದಿಂದ ಹೆಬ್ಬೆರಳಿನ ಸ್ನಾಯುವಿಗೆ ಟೇಪ್ ಹಿಡಿದೆ, ಸುಮಾರು 15 ಸೆಂಟಿಮೀಟರ್. ಅಂದರೆ 150 ದಿನ, ಚಿಗುರೊಡೆಯಲು ಇನ್ನಷ್ಟು ದಿನ. ‘ಉಗಾದಿ ಆಗಬೇಕು ಅಕ್ಕ, ಅಲ್ಲಿ ತನಕ ಬೆರಳನ್ನು ಕೈಯಿಂದ ದಿನಾ ಮಡಚಿ ಬಿಡಿಸಿ, ಕೀಲು ಗಟ್ಟಿಯಾಗದಿದ್ದರೆ ಸಾಕು’ ಎಂದೆ. ತಿಂಗಳುಗಟ್ಟಲೆ ಏನೂ ಆಗದೆ ಇರುವುದಕ್ಕೂ ಒಂದು ಲೆಕ್ಕ ಇದೆ ಎಂದು ಗೊತ್ತಾದರೆ ಕಾಯುವುದು ಸ್ವಲ್ಪ ಹಗುರಾಗುತ್ತದೆ.

ಆರನೇ ವಾರಕ್ಕೆ ಪಾದ ಹೊರಕ್ಕೆ ತಿರುಗಿಸುವುದು 3 ಆಯಿತು, ಎತ್ತುವುದು 2. ಆಗ ನಡಿಗೆಯಲ್ಲೇ ಕರೆಂಟ್ ಬಳಸಿದೆ. 1961ರಲ್ಲಿ ಲಿಬರ್ಸನ್ ಎನ್ನುವ ವೈದ್ಯರು ಲಕ್ವ ಆದವರಿಗೆ ಹಿಮ್ಮಡಿ ಅಡಿಯಲ್ಲಿ ಸ್ವಿಚ್ ಇಟ್ಟು, ಹಿಮ್ಮಡಿ ನೆಲ ಬಿಟ್ಟ ಕೂಡಲೇ ಇದೇ ಪೆರೋನಿಯಲ್ ನರಕ್ಕೆ ಕರೆಂಟ್ ಹೋಗಿ ಪಾದ ಏಳುವಂತೆ ಮಾಡಿದ್ದರು. ಕೆಳಗಿನ ನರ ಬದುಕಿರುವವರಿಗೆ ಮಾತ್ರ ಅದು ಕೆಲಸ ಮಾಡುತ್ತದೆ. ಆಕೆಗೆ ಅಷ್ಟು ನರ ಉಳಿದಿತ್ತು. ನನ್ನ ಹತ್ತಿರ ಆ ಸ್ವಿಚ್ ಇಲ್ಲ, ಕೈ ಸ್ವಿಚ್ ಇದೆ. ಆಕೆ ನಡೆಯುವುದು, ನಾನು ಪಕ್ಕದಲ್ಲಿ ಬಗ್ಗಿ ಹಿಮ್ಮಡಿ ನೋಡುತ್ತಾ ಸ್ವಿಚ್ ಒತ್ತುವುದು. ಕಾರಿಡಾರಿನಲ್ಲಿ ಎಂಟು ಸುತ್ತು. ನಾಲ್ಕನೇ ಸಲ ಬಂದಾಗ ಸ್ವಿಚ್ಚನ್ನು ಆಕೆಯ ಕೈಗೇ ಕೊಟ್ಟೆ. ಆಕೆ ನನಗಿಂತ ಸರಿಯಾದ ಹೊತ್ತಿಗೆ ಒತ್ತಿದರು. ಆಮೇಲೆ ಮೂರು ಹೆಜ್ಜೆಗೆ ಒಂದು ಸಲ ಒತ್ತದೆ ಬಿಡಿ ಎಂದೆ, ಆಮೇಲೆ ಎರಡಕ್ಕೆ ಒಂದು.

ಒಂಬತ್ತನೇ ವಾರದಲ್ಲಿ ಒಮ್ಮೆಗೇ ಬದಲಾಯಿತು. ಮೂರೇ ದಿನದಲ್ಲಿ ಪಾದ ಪೂರ್ತಿ ಮೇಲೆ ಬರತೊಡಗಿತು. ಮನೆಯವರಿಗೆಲ್ಲ ಇದು ಕರೆಂಟಿನ ಮಹಿಮೆ. ನಾನು ಒಪ್ಪಲಿಲ್ಲ. ನರದ ಹೊದಿಕೆ ಮತ್ತೆ ಕಟ್ಟಿಕೊಂಡಿತು, ತಡೆ ಬಿಟ್ಟಿತು, ಇದು ಆರರಿಂದ ಹನ್ನೆರಡು ವಾರದೊಳಗೆ ಆಗುವಂಥದ್ದೇ. ಕರೆಂಟ್ ಮಾಡಿದ್ದು ಅಷ್ಟು ದಿನ ಸ್ನಾಯುವನ್ನು ಸೊರಗದಂತೆ ನೋಡಿಕೊಂಡದ್ದು, ಎಳೆತ ಹೇಗಿರುತ್ತದೆ ಎನ್ನುವ ನೆನಪನ್ನು ಆಕೆಗೆ ಉಳಿಸಿಕೊಟ್ಟದ್ದು. ಅದು ಸಣ್ಣದಲ್ಲ, ಆದರೆ ಅದಕ್ಕಿಂತ ದೊಡ್ಡದೂ ಅಲ್ಲ.

ಸಂಕ್ರಾಂತಿ ಕಳೆದ ಮೇಲೆ ಕರೆಂಟ್ ಪೂರ್ತಿ ನಿಲ್ಲಿಸಿದೆ. ಪಾದ ತಾನೇ ಎದ್ದು, ನನ್ನ ಕೈಯ ಒತ್ತಡವನ್ನೂ ಸ್ವಲ್ಪ ತಡೆಯುತ್ತಿತ್ತು. ಯಜಮಾನರು ಇನ್ನೊಂದು ತಿಂಗಳು ಕೊಡಿ ಎಂದು ಬಹಳ ಕೇಳಿದರು. ತಾನೇ ಎತ್ತಬಲ್ಲ ಸ್ನಾಯುವಿಗೆ ಭಾರ ಬೇಕು, ಕರೆಂಟ್ ಬೇಡ. ಪಾದಕ್ಕೆ ಸೈಕಲ್ ಟ್ಯೂಬ್ ಕಟ್ಟಿ ಎಳೆಯುವುದು, ಹಿಮ್ಮಡಿ ಮೇಲೆ ನಡೆಯುವುದು, ಮರಳಿನಲ್ಲಿ ನಡೆಯುವುದು. ಮೆಷಿನ್ ವಾಪಸ್ ತೆಗೆದುಕೊಂಡೆ. ಆವತ್ತು ಅವರು ಸ್ವಲ್ಪ ಮುನಿಸಿಕೊಂಡೇ ಹೋದರು.

ಉಗಾದಿ ಬಂತು, ಹೆಬ್ಬೆರಳು ಏಳಲಿಲ್ಲ. ಆಕೆ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಹತ್ತು ದಿನ ಕಳೆದು ಬೆಳಿಗ್ಗೆ ಏಳಕ್ಕೆ ವಿಡಿಯೋ ಬಂತು. ಸ್ನಾನದ ಕಲ್ಲಿನ ಮೇಲೆ ಒದ್ದೆ ಪಾದ, ಹೆಬ್ಬೆರಳು ಒಂದು ಕೂದಲೆಳೆಯಷ್ಟು ಮೇಲೆದ್ದು ಬೀಳುತ್ತಿದೆ. ಹಿಂದಿನಿಂದ ಮಗಳ ದನಿ, ‘ಇನ್ನೊಂದ್ಸಲ ಎತ್ತಮ್ಮ.’ ಅದೇ ವಾರ ಬಂದಾಗ ಮೆಷಿನ್ ಇಟ್ಟು ನೋಡಿದೆ. ಚಿಕ್ಕ ಹೊಡೆತಕ್ಕೆ ಆ ಸ್ನಾಯು ಇನ್ನೂ ಉತ್ತರ ಕೊಡಲಿಲ್ಲ. ಎಳೆಯ ನರ ಹೊರಗಿನ ಕರೆಂಟನ್ನು ಹಿಡಿಯುವ ಮೊದಲೇ ಒಳಗಿನ ಆಜ್ಞೆಯನ್ನು ಹಿಡಿಯುವುದುಂಟು. ಇದನ್ನು ಓದಿ ತಿಳಿದಿದ್ದೆ, ಕಣ್ಣಿಂದ ನೋಡಿದ್ದು ಆವತ್ತೇ ಮೊದಲು.

ಜೂನ್ ಹೊತ್ತಿಗೆ ಹೆಬ್ಬೆರಳು 3, ಪಾದ ಎತ್ತುವುದು 5, ಹೊರಕ್ಕೆ ತಿರುಗಿಸುವುದು 5. ನಡಿಗೆಯ ಸದ್ದು ಹೋಗಿತ್ತು. ಹೆಬ್ಬೆರಳ ಪಕ್ಕದ ಸಂದಿಯಲ್ಲಿ ಒಂದು ರೂಪಾಯಿಯಷ್ಟು ಜಾಗ ಇನ್ನೂ ಮಂದವಿತ್ತು, ಈಗಲೂ ಇದೆ.

ಮುಂದಿನ ಸುಗ್ಗಿಗೆ ಆಕೆ ಕೂತು ಕಾಯಿ ಬಿಡಿಸಲಿಲ್ಲ. ಗಿಡಗಳನ್ನು ಟ್ರಾಕ್ಟರ್ ಟ್ರೈಲರ್ ಮೇಲೆ ರಾಶಿ ಹಾಕಿ, ಪಕ್ಕದಲ್ಲಿ ನಿಂತು ಬಿಡಿಸಿದರಂತೆ. ನವೆಂಬರಿನಲ್ಲಿ ಒಂದು ಸಂಜೆ ಫೋನ್ ಬಂತು. ಜೊತೆಗೆ ಕೆಲಸಕ್ಕೆ ಬಂದಿದ್ದ ಹುಡುಗಿಗೆ ಮೂರನೇ ದಿನ ಎಡಗಾಲು ಜೋಮು ಹಿಡಿದು ಬಿಡುತ್ತಿಲ್ಲ, ಎಬ್ಬಿಸಿ ಮನೆಗೆ ಕಳಿಸಿದ್ದೇನೆ, ಏನು ಮಾಡಲಿ ಎಂದರು. ನಾಳೆ ಕರೆದುಕೊಂಡು ಬನ್ನಿ ಎಂದೆ. ಬೆಳಿಗ್ಗೆ ಮೊದಲ ಬಸ್ಸಿಗೇ ಇಬ್ಬರೂ ಬಂದರು. ನೋಡಿದೆ. ಶಕ್ತಿ ಎಲ್ಲ ಕಡೆ 5, ಹೆಬ್ಬೆರಳೂ ಗಟ್ಟಿ. ಪಾದದ ಮೇಲೆ ಸ್ವಲ್ಪ ಜುಮ್ ಜುಮ್, ಅಷ್ಟೇ. ಹುಡುಗಿ ಮೆಷಿನ್ ಕಡೆ ನೋಡುತ್ತಾ ‘ಕರೆಂಟ್ ಕೊಡಲ್ವಾ ಮೇಡಂ’ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು: ‘ನಿಂಗೆ ಬೇಡ ಕಣಮ್ಮ, ಕೂರೋದು ಬಿಡು.’